ಎರಡು ಮೊಲಗಳಿಗೆ ಎಷ್ಟು ಅಂಗಳ ಬೇಕು?

ಮೊಲ ಸಾಕುತ್ತೇನೆ ಎಂದ ಕೂಡಲೇ ಅಂಗಡಿಯವರು ತೋರಿಸುವುದು ತಂತಿಯ ಗೂಡನ್ನು. ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲ, ಹಿಕ್ಕೆ ಕೆಳಗೆ ಉದುರಲೆಂದು ತಳಕ್ಕೂ ತಂತಿ. ಮಾಂಸಕ್ಕಾಗಿ ಮೊಲ ಬೆಳೆಸುವ ಫಾರಂಗಳಿಗೆ ಹೊಂದುವ ಗೂಡು ಅದು. ಅಲ್ಲಿ ಮರಿ ಕೆಲವೇ ತಿಂಗಳಲ್ಲಿ ತೂಕ ಬಂದು ಮಾರಾಟವಾಗುತ್ತದೆ. ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಅಷ್ಟು ವರ್ಷ ತಂತಿಯ ಮೇಲೆ ನಿಂತರೆ ಅದರ ಗತಿಯೇನು? ನಾಯಿ ಬೆಕ್ಕುಗಳಿಗೆ ಇರುವಂತಹ ಮೆತ್ತನೆಯ ಅಡಿ ಮೊಲದ ಪಾದಕ್ಕಿಲ್ಲ. ಇರುವುದು ಬರೀ ರೋಮ. ಅದು ಸವೆದರೆ ಹಿಂಗಾಲಿನಲ್ಲಿ ಹುಣ್ಣಾಗುತ್ತದೆ, ಒಮ್ಮೆ ಆದ ಹುಣ್ಣು ಬೇಗ ಮಾಯುವುದೂ ಇಲ್ಲ.

ನನ್ನವು ಒಂದು ಗಂಡು, ಒಂದು ಹೆಣ್ಣು, ಎರಡೂ ಬಿಳಿಯ ನ್ಯೂಜಿಲೆಂಡ್ ತಳಿ. ಪೂರ್ತಿ ಬೆಳೆದರೆ ಒಂದೊಂದೂ ನಾಲ್ಕೈದು ಕೆಜಿ ತೂಗುವ ಪ್ರಾಣಿ. ಚಿಕ್ಕಬಳ್ಳಾಪುರದ ಅಂಚಿನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಜಾಗವಿತ್ತು. ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ಮಾತ್ರ ಒಂದು ಅಳತೆ ಬೇಕಿತ್ತು. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯೊಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಇರಬೇಕೆಂದು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಅಡಿಗೆ ಆರೂವರೆ ಅಡಿ. ಇದು ಒಂದೇ ನೆಲದಲ್ಲಿ ಸಿಗಬೇಕಾದ ಜಾಗ, ಅಂತಸ್ತುಗಳನ್ನು ಕೂಡಿಸಿ ತೋರಿಸುವ ಲೆಕ್ಕವಲ್ಲ. ಮೊಲ ಒಂದೇ ಓಟದಲ್ಲಿ ಮೂರು ನಾಲ್ಕು ಬಾರಿ ನೆಗೆಯುವಂತಿರಬೇಕು, ಹಿಂಗಾಲಿನ ಮೇಲೆ ನಿಂತಾಗ ಕಿವಿ ಮೇಲೆ ತಾಗಬಾರದು.

ಆ ಸಲಹೆಯಲ್ಲಿ ನನಗೆ ಅಳತೆಗಿಂತಲೂ ಮುಖ್ಯವೆನಿಸಿದ್ದು ಇನ್ನೊಂದು ಮಾತು: ಆ ಜಾಗವೆಲ್ಲ ಹಗಲೂ ರಾತ್ರಿ ತೆರೆದಿರಬೇಕು. ನಾವು ಸಾಮಾನ್ಯವಾಗಿ ಹಗಲಿನಲ್ಲಿ ಮೊಲಗಳನ್ನು ಹೊರಗೆ ಬಿಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡಿಗೆ ಕೂಡುತ್ತೇವೆ. ಮೊಲಕ್ಕೆ ಚುರುಕು ಬರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ. ಅಂದರೆ ಅದು ಮಲಗುವ ಹೊತ್ತಿನಲ್ಲಿ ಬಯಲನ್ನೂ ಓಡುವ ಹೊತ್ತಿನಲ್ಲಿ ಪೆಟ್ಟಿಗೆಯನ್ನೂ ಕೊಟ್ಟಂತಾಯಿತು. ಆದ್ದರಿಂದ ಗೂಡು ಬೇರೆ, ಅಂಗಳ ಬೇರೆ ಎಂಬ ಯೋಚನೆಯನ್ನೇ ಬಿಟ್ಟು, ರಾತ್ರಿಯೂ ಭದ್ರವಾಗಿರುವ ಒಂದೇ ಆವರಣ ಕಟ್ಟಿಸಲು ಹೊರಟೆ.

ಇನ್ನು ಆ ಅಳತೆ ಹುಟ್ಟಿದ್ದು ಚಳಿಯ ದೇಶದಲ್ಲಿ. ನಂದಿ ಬೆಟ್ಟದ ಮಂಜನ್ನು ನೋಡಲು ಬರುವವರಿಗೆ ನಮ್ಮ ಏಪ್ರಿಲ್ ಮಧ್ಯಾಹ್ನದ ಪರಿಚಯ ಇರುವುದಿಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿದ್ದರೂ ಇಲ್ಲಿ ಬೇಸಿಗೆಯಲ್ಲಿ ತಾಪ 35 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮೊಲಕ್ಕೆ 28 ಡಿಗ್ರಿ ದಾಟಿದರೇ ಕಷ್ಟ. ಅದು ನಮ್ಮಂತೆ ಬೆವರುವುದಿಲ್ಲ, ಮೈಯ ಕಾವನ್ನು ಹೊರಹಾಕುವುದು ಹೆಚ್ಚಾಗಿ ಕಿವಿಗಳ ಮೂಲಕ. ಹಾಗಾಗಿ ಕಾಗದದ ಮೇಲೆ ಅರವತ್ತೈದು ಚದರಡಿ ಇದ್ದರೂ ಮಧ್ಯಾಹ್ನ ಅದರಲ್ಲಿ ಅರ್ಧ ಬಿಸಿಲಿಗೆ ಸೇರಿದರೆ ಮೊಲಕ್ಕೆ ದಕ್ಕುವುದು ಉಳಿದ ಅರ್ಧ ಮಾತ್ರ. ನನ್ನ ಮಟ್ಟಿಗೆ ಆವರಣದ ವಿಸ್ತೀರ್ಣ ಎಂದರೆ ಏಪ್ರಿಲ್‌ನ ಮೂರು ಗಂಟೆಗೆ ನೆರಳಿರುವ ವಿಸ್ತೀರ್ಣ.

ಈ ಲೆಕ್ಕಕ್ಕಾಗಿ ಬೇಸಿಗೆಯಲ್ಲೇ ಜಾಗ ಗುರುತಿಸಿದೆ. ಹನ್ನೆರಡು, ಎರಡು, ನಾಲ್ಕು ಗಂಟೆಗೆ ಹಿತ್ತಲಿನ ಹೊಂಗೆ ಮರದ ನೆರಳಿನ ಅಂಚಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆದೆ. ಮೂರೂ ನೆರಳು ಕೂಡುವ ಜಾಗ ನಾನು ಊಹಿಸಿದ್ದಕ್ಕಿಂತ ಪೂರ್ವಕ್ಕೆ, ಕಾಂಪೌಂಡಿನ ಹತ್ತಿರ ಬಂತು. ಹೊಂಗೆ ಯುಗಾದಿಯ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ನಿಲ್ಲುವುದರಿಂದ ಬೇಸಿಗೆಗೆ ಅದಕ್ಕಿಂತ ಒಳ್ಳೆಯ ಚಾವಣಿ ಬೇಡ. ಕಾಯಿ ಉದುರುವಾಗ ಮಾತ್ರ ಗುಡಿಸಿ ತೆಗೆಯಬೇಕು. ಅದರ ಬೀಜ ತಿನ್ನುವ ವಸ್ತುವಲ್ಲ.

ಹನ್ನೆರಡು ಅಡಿಗೆ ಎಂಟು ಅಡಿ ಪಾಯ ಹಾಕಿಸಿದೆ. ಎತ್ತರ ಆರು ಅಡಿ. ಮೊಲಕ್ಕೆ ಅಷ್ಟು ಬೇಡ, ನನಗೆ ಬೇಕು. ಬಗ್ಗಿ ತೆವಳಿ ಗುಡಿಸಬೇಕಾದ ಗೂಡನ್ನು ಯಾರೂ ದಿನಾ ಗುಡಿಸುವುದಿಲ್ಲ.

ಕಂಬಕ್ಕೆ ಹೊಸದಾಗಿ ಏನನ್ನೂ ಕೊಳ್ಳಲಿಲ್ಲ. ಅಪ್ಪ ದ್ರಾಕ್ಷಿ ತೋಟ ತೆಗೆಸಿದಾಗ ಚಪ್ಪರದ ಕಲ್ಲುಕಂಬಗಳು ಉಳಿದಿದ್ದವು. ಗೆದ್ದಲು ಹಿಡಿಯದ, ತುಕ್ಕು ತಿನ್ನದ ಕಂಬ ಇನ್ನೆಲ್ಲಿ ಸಿಗಬೇಕು? ಸುತ್ತಲೂ ನಮ್ಮ ಕಡೆಯ ಬೇಲಿಗೆ ನಿಲ್ಲಿಸುವಂತೆಯೇ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ, ಎರಡಡಿ ನೆಲದೊಳಗೆ ಹೂಳಿಸಿ ಒಂದೂವರೆ ಅಡಿ ಮೇಲೆ ಬಿಡಿಸಿದೆ. ಒಳಗಿನಿಂದ ಮೊಲ ತೋಡುವುದಕ್ಕೂ ಹೊರಗಿನಿಂದ ನಾಯಿ ಕೆರೆಯುವುದಕ್ಕೂ ಇದು ತಡೆ. ಬೀದಿನಾಯಿ ಮೂತಿ ತಂದು ನಿಂತರೂ ಒಳಗಿರುವ ಮೊಲದ ಕಣ್ಣಿಗೆ ಬೀಳುವುದಿಲ್ಲ. ಇದು ಸಣ್ಣ ವಿಷಯವಲ್ಲ, ಬರೀ ಗಾಬರಿಗೇ ಮೊಲ ಸಾಯುವುದುಂಟು. ಚಪ್ಪಡಿಯ ಒಳಮೈಗೆ ತಾಗಿಸಿ ಒಂದೂವರೆ ಅಡಿ ಅಗಲದ ಜಾಲರಿಯನ್ನು ಅಡ್ಡಡ್ಡ ಹಾಸಿ ಮಣ್ಣು ಮುಚ್ಚಿದೆ. ಅವು ನಡುವೆ ಎಷ್ಟು ಬೇಕಾದರೂ ತೋಡಿಕೊಳ್ಳಲಿ, ಅಂಚಿನಲ್ಲಿ ಮಾತ್ರ ಬೇಡ.

ತೋಡುವುದನ್ನು ಕಂಡು ಗಾರೆ ಕೆಲಸದವರು, “ಕಾಡು ಮೊಲ ಹೀಗೆ ಮಾಡುವುದಿಲ್ಲವಲ್ಲಮ್ಮಾ” ಎಂದರು. ಸರಿಯಾಗಿಯೇ ಗಮನಿಸಿದ್ದರು. ನಮ್ಮ ಹೊಲಗಳ ಕಾಡು ಮೊಲ ಬೇರೆಯೇ ಜಾತಿ. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಸಾಕುವುದು ಯುರೋಪಿನ ಮೂಲದ, ಬಿಲ ತೋಡಿ ಬದುಕುವ ಮೊಲವನ್ನು. ನೆಲವೇ ಇಲ್ಲದ ಗೂಡು ಅದಕ್ಕೆ ಅರ್ಧ ಮನೆ.

ಹಣ ಹೆಚ್ಚು ಹೋದದ್ದು ಜಾಲರಿಗೆ. ಕೋಳಿ ಗೂಡಿಗೆ ಕಟ್ಟುವ ಷಟ್ಕೋನದ ತೆಳು ಜಾಲರಿಯನ್ನು ಮೊಲ ಕಡಿಯುತ್ತದೆ, ನಾಯಿ ಹರಿಯುತ್ತದೆ. ಬೆಸುಗೆ ಹಾಕಿದ, ಸತುವಿನ ಲೇಪವಿರುವ 16 ಗೇಜಿನ ಜಾಲರಿ ಬೇಕು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ಅಂಗಡಿಗೆ ಹೋಗಿ. ವೆಲ್ಡಿಂಗ್ ಅಂಗಡಿಯವರು, “ಒಂದು ಇಂಚಿನ ಕಣ್ಣಿನದು ಸಾಕು ಅಕ್ಕಾ, ದುಡ್ಡು ಉಳಿಯುತ್ತದೆ” ಎಂದು ಒತ್ತಾಯಿಸಿದರು. ನಾನು ಅರ್ಧ ಇಂಚಿಗೇ ಅಂಟಿಕೊಂಡೆ. ಒಂದು ಇಂಚಿನಲ್ಲಿ ಇಲಿ ಮರಿ ನುಸುಳುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಸುತ್ತಮುತ್ತ ಹೊಲವಿರುವ ಊರಿನಲ್ಲಿ ಇದು ಬರೀ ಹೆದರಿಕೆಯ ಮಾತಲ್ಲ. ಮುಂಗುಸಿ, ಬೆಕ್ಕುಗಳಿಗಾಗಿ ಮೇಲುಗಡೆಯೂ ಇದೇ ಜಾಲರಿ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ.

ಜಾಲರಿಯ ಮೇಲೆ ಅರ್ಧ ಭಾಗಕ್ಕೆ ಹಳೆಯ ಮಂಗಳೂರು ಹೆಂಚು, ಉಳಿದರ್ಧಕ್ಕೆ ಹಸಿರುಮನೆಯವರು ಬಳಸುವ ಶೇಡ್ ನೆಟ್. ತಗಡು ಬೇಡವೇ ಬೇಡ. ಮಧ್ಯಾಹ್ನ ಅದರ ಕೆಳಗೆ ಕೈಯಿಟ್ಟು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಹೆಂಚಿನ ಕೆಳಗೆ ನೆಲಕ್ಕೆ ಚಪ್ಪಡಿ ಹಾಸಿದ್ದೇನೆ. ನೆರಳಿನ ಕಲ್ಲು ತಣ್ಣಗಿರುವುದರಿಂದ ಎರಡೂ ಮಧ್ಯಾಹ್ನ ಅಲ್ಲೇ ಹೊಟ್ಟೆ ಹಚ್ಚಿ ಮಲಗುತ್ತವೆ. ಪಕ್ಕದಲ್ಲೇ ರಾಗಿ ಹುಲ್ಲಿನ ಮೆತ್ತೆಯೂ ಇದೆ, ಗಟ್ಟಿ ನೆಲವೊಂದೇ ಪಾದಕ್ಕೆ ಒಳ್ಳೆಯದಲ್ಲ.

ಒಳಗಿನ ಸಾಮಾನೆಲ್ಲ ಎರಡೆರಡು. ಅಡಗಲು ಅಡ್ಡ ಮಲಗಿಸಿದ ದೊಡ್ಡ ಗುಡಾಣವೊಂದು, ಎರಡು ಕಡೆ ಬಾಗಿಲಿರುವ ಮರದ ಪೆಟ್ಟಿಗೆಯೊಂದು. ಜಗಳ ಬಂದಾಗ ಒಂದು ಮೊಲ ಬಾಗಿಲಿಗೆ ಅಡ್ಡ ಕುಳಿತರೆ ಇನ್ನೊಂದಕ್ಕೆ ಹೊರಬರಲು ದಾರಿ ಬೇಕು. ಗುಡಾಣದ ತಳವನ್ನೂ ಅದಕ್ಕಾಗಿಯೇ ಒಡೆಸಿದೆ. ಬೇಸಿಗೆಯಲ್ಲಿ ಗುಡಾಣಕ್ಕೆ ಹೊರಗಿನಿಂದ ನೀರು ಚಿಮುಕಿಸಿ, ಪಡುವಣ ಬದಿಗೆ ಒದ್ದೆ ಗೋಣಿ ಇಳಿಬಿಡುತ್ತೇನೆ.

ಮೇವಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಶಿಡ್ಲಘಟ್ಟದ ಕಡೆ ನೋಡಿದಲ್ಲೆಲ್ಲ ಹಿಪ್ಪುನೇರಳೆ, ಮೊಲಕ್ಕೆ ಅದರ ಸೊಪ್ಪು ಬಲು ಇಷ್ಟ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನಲ್ಲಿ ಕೀಟನಾಶಕ ಉಳಿದಿದ್ದರೆ ಹುಳುವೇ ಸಾಯುತ್ತದೆ, ಹಾಗಾಗಿ ಹುಳು ಸಾಕುವವರ ತೋಟದ ಸೊಪ್ಪನ್ನು ನಂಬಬಹುದು. ಆದರೆ ಹೊಟ್ಟೆ ತುಂಬಬೇಕಾದ್ದು ಒಣಹುಲ್ಲು, ಸೊಪ್ಪು ನೆಂಚಿಕೊಳ್ಳಲು. ಟೊಮೆಟೊ ಗಿಡವನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ಅದರ ಎಲೆ ಕಾಂಡ ಮೊಲಕ್ಕೆ ವಿಷ.

ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ವೈದ್ಯರು ಹೇಳಿದಷ್ಟು ವಾರ ಬೇರೆಯಿಟ್ಟು, ಆಮೇಲೆಯೇ ಎರಡನ್ನೂ ಒಟ್ಟಿಗೆ ಬಿಟ್ಟೆ. ಮೊಲದ ಗರ್ಭಕಾಲ ಸುಮಾರು 31 ದಿನ. ಇಲ್ಲದಿದ್ದರೆ ತೊಂಬತ್ತಾರು ಚದರಡಿಯ ಜಾಗವೂ ವರ್ಷದೊಳಗೆ ಸಂತೆಯಾಗುತ್ತಿತ್ತು.

ಚಳಿಗಾಲ ಅವುಗಳಿಗೆ ಹಬ್ಬ; ಗಾಳಿ ನೇರ ಬೀಸದಂತೆ ಉತ್ತರಕ್ಕೆ ಒಂದು ಚಾಪೆ ಕಟ್ಟಿದರೆ ಮುಗಿಯಿತು. ಎಚ್ಚರ ಬೇಕಾಗುವುದು ಮಳೆಗಾಲದಲ್ಲಿ. ನೀರು ಹರಿದುಹೋಗಲು ನೆಲವನ್ನು ಒಂದು ಬದಿಗೆ ಇಳಿಜಾರಾಗಿಸಿದ್ದೇನೆ, ಹುಲ್ಲು ಒದ್ದೆಯಾದ ದಿನವೇ ಬದಲಿಸುತ್ತೇನೆ. ಹಿಂಭಾಗದಲ್ಲಿ ಹಿಕ್ಕೆ ಅಂಟಿ ತೇವವಾಗಿರುವ ಮೊಲದ ಮೈಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲೇ ಹುಳು ಮಾಂಸಕ್ಕಿಳಿಯುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಸಂಜೆ ಎರಡನ್ನೂ ಎತ್ತಿ ಬಾಲದ ಕೆಳಗೆ ನೋಡುತ್ತೇನೆ. ಹೆಣ್ಣು ಸುಮ್ಮನಿರುತ್ತದೆ, ಗಂಡು ಒದೆಯದೆ ಬಿಡುವುದಿಲ್ಲ.