ಪಾಡ್‌ಕಾಸ್ಟ್ ಅತಿಥಿಯ ಬಾಯಿಂದ ಕಥೆ ಹೊರಡಿಸುವುದು ಹೇಗೆ?

ಹೊಸದಾಗಿ ಶುರುವಾದ ಯಾವುದಾದರೂ ಮಾತುಕತೆಯ ಪಾಡ್‌ಕಾಸ್ಟ್ ಹಾಕಿ ಕೇಳಿ. ಅತಿಥಿ ಮಾತಿನ ಮಧ್ಯೆ, "ಆಮೇಲೆ ಎರಡು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದೆ, ಚಿತ್ರ ಬಿಡಿಸೋದು ಶುರುವಾಗಿದ್ದೇ ಅಲ್ಲಿ" ಎನ್ನುತ್ತಾರೆ. ಕೇಳುವವರ ಕಿವಿ ನೆಟ್ಟಗಾಗುತ್ತದೆ. ನಿರೂಪಕರು ಏನಂತಾರೆ? "ಸೂಪರ್ ಸರ್! ಮುಂದಿನ ಪ್ರಶ್ನೆ, ನಿಮಗೆ ಸ್ಫೂರ್ತಿ ಯಾರು?" ಹಡಗು ಅಲ್ಲೇ ಮುಳುಗಿತು.

ಇಂಥದ್ದನ್ನು ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ. ಇವರ ಹತ್ತಿರ ಮೈಕ್ ಇದೆ, ಲೈಟ್ ಇದೆ, ಚೆಂದದ ಲೋಗೋ ಇದೆ. ಅತಿಥಿಯೂ ಒಳ್ಳೆಯವರೇ. ಆದರೆ ಎದುರಿಗಿದ್ದವರ ಉತ್ತರ ಕೇಳಿಸಿಕೊಳ್ಳುವ ಹೊತ್ತಿನಲ್ಲಿ ಕಣ್ಣು ಪ್ರಶ್ನೆಪಟ್ಟಿಯ ಮೇಲಿರುತ್ತದೆ. ಕಷ್ಟವಿರುವುದು ನಾಲ್ಕನೇ ಹೆಜ್ಜೆಯಲ್ಲಿ. ಉಳಿದವನ್ನು ಬೇಗ ಮುಗಿಸೋಣ.

ಹೆಜ್ಜೆ 1: ಯಾರನ್ನು ಕರೆಯಬೇಕು

ದಾರಿ ಬದಲಿಸಿದವರನ್ನು ಕರೆಯಿರಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದವರ ಹತ್ತಿರ ಕಥೆ ಇದ್ದೇ ಇರುತ್ತದೆ. ಹೆಸರು ದೊಡ್ಡದಿರಬೇಕು ಅಂತೇನಿಲ್ಲ.

ಹೆಜ್ಜೆ 2: ತಯಾರಿ

ಒಂದು ಹಾಳೆಯಲ್ಲಿ ಅತಿಥಿಯ ಬದುಕಿನ ಇಸವಿಗಳನ್ನು ಸಾಲಾಗಿ ಬರೆಯಿರಿ. ಯಾವಾಗ ಓದು ಮುಗಿಯಿತು, ಯಾವಾಗ ಮೊದಲ ಕೆಲಸ, ಯಾವಾಗ ಮೊದಲ ಪುಸ್ತಕ ಅಥವಾ ಪ್ರದರ್ಶನ. ಬರೆದಾದ ಮೇಲೆ ಖಾಲಿ ಉಳಿದ ಜಾಗ ನೋಡಿ. 'ಮೊದಲ ಕೆಲಸ ಬಿಟ್ಟರು, ನಾಲ್ಕು ವರ್ಷದ ನಂತರ ನಾಟಕ ಬರೆದರು' ಅಂತಿದ್ದರೆ, ಆ ನಾಲ್ಕು ವರ್ಷವೇ ನಿಮ್ಮ ಸಂಚಿಕೆ.

ಅವರು ಬೇರೆ ಕಡೆ ಕೊಟ್ಟ ಸಂದರ್ಶನ ಎರಡಾದರೂ ಕೇಳಿ. ಪ್ರತಿ ಸಲ ಹೇಳುವ ಕಥೆಗಳು ಯಾವುವು ಗುರುತು ಮಾಡಿಕೊಳ್ಳಿ. ಆ ಕಥೆಯನ್ನು ಅವರು ಎಲ್ಲಿಗೆ ನಿಲ್ಲಿಸುತ್ತಾರೆ ಎನ್ನುವುದನ್ನೂ ಬರೆದಿಡಿ. ನಿಮ್ಮ ಪ್ರಶ್ನೆ ಅಲ್ಲಿಂದ ಶುರುವಾಗಬೇಕು.

ಅಡ್ಡದಾರಿ ಹಿಡಿಯುವವರಿಗೆ ಒಂದು ಮಾತು. ಚಾಟ್‌ಬಾಟ್‌ಗೆ ಹೆಸರು ಕೊಟ್ಟು 'ಇಪ್ಪತ್ತು ಪ್ರಶ್ನೆ ಬರೆದುಕೊಡು' ಅಂದರೆ ಕೊಡುತ್ತದೆ. ಸುಮ್ನೆ ಬಂದ ಪಟ್ಟಿಯಲ್ಲಿ ಹೆಸರು ಬದಲಿಸಿದರೆ ಯಾರಿಗಾದರೂ ಕೇಳಬಹುದಾದ ಪ್ರಶ್ನೆಗಳೇ ಜಾಸ್ತಿ. ಅತಿಥಿಗಳಿಗೂ ಈಗ ಅದು ಗೊತ್ತಾಗಿಬಿಡುತ್ತದೆ.

ರೆಕಾರ್ಡಿಂಗ್‌ಗೆ ಮೊದಲು ಫೋನಿನಲ್ಲಿ ಹದಿನೈದು ನಿಮಿಷ ಮಾತಾಡಿ. ಹೆಸರು ಹೇಗೆ ಉಚ್ಚರಿಸುವುದು, ಇಸವಿಗಳು ಸರಿ ಇವೆಯಾ, ಏನು ಕೇಳಬಾರದು, ಇಷ್ಟನ್ನು ಖಚಿತ ಮಾಡಿಕೊಳ್ಳಿ. ಕಥೆ ಮಾತ್ರ ಇಲ್ಲಿ ಬೇಡ. ಅವರು ಶುರು ಮಾಡಿದರೆ, "ಇದನ್ನ ಆವತ್ತಿಗೆ ಇಟ್ಕೊಳ್ಳೋಣ" ಅಂತ ತಡೆಯಿರಿ. ಒಮ್ಮೆ ಪೂರ್ತಿ ಹೇಳಿದ್ದನ್ನು ಅದೇ ವ್ಯಕ್ತಿಗೆ ಮತ್ತೆ ಹೇಳುವಾಗ ಜನ ಅರ್ಧ ನುಂಗುತ್ತಾರೆ. "ಅವತ್ತು ಹೇಳಿದ್ನಲ್ಲ, ಹಾಗೆ" ಎನ್ನುತ್ತಾರೆ. ಕೇಳುಗರಿಗೆ ಅವತ್ತು ಯಾರೂ ಹೇಳಿಲ್ಲ, ಅಲ್ವಾ?

ಪ್ರಶ್ನೆಪಟ್ಟಿ ಕಳಿಸಿ ಅಂತ ಅತಿಥಿ ಕೇಳುತ್ತಾರೆ. ಕಳಿಸಬೇಡಿ. ಬೇಕಾದರೆ ಮೂರು ವಿಷಯ ಬರೆದು ಕಳಿಸಿ. ಪಟ್ಟಿ ಹೋದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ.

ಹೆಜ್ಜೆ 3: ಮೈಕ್ ಮತ್ತು ಕೋಣೆ

ಒಬ್ಬೊಬ್ಬರಿಗೂ ಒಂದೊಂದು ಮೈಕ್. ಬಾಯಿಂದ 10ರಿಂದ 15 ಸೆಂಟಿಮೀಟರ್ ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ 'ಪ', 'ಬ' ಬಂದಾಗಲೆಲ್ಲ ಡಬ್ ಅಂತ ಸದ್ದು ಬರುತ್ತದೆ. ಮಾಮೂಲಿ ಕೋಣೆಯಾದರೆ ಡೈನಾಮಿಕ್ ಮೈಕ್ ಸಾಕು. ಕಂಡೆನ್ಸರ್ ಮೈಕ್ ಪಕ್ಕದ ಕೋಣೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ಫ್ಯಾನ್ ಆಫ್ ಮಾಡಿ, ಪರದೆ ಎಳೆಯಿರಿ, ಹೆಡ್‌ಫೋನ್ ಹಾಕಿಕೊಳ್ಳಿ. ರೆಕಾರ್ಡಿಂಗ್ ಮೀಟರ್‌ನಲ್ಲಿ ದನಿ ಅತಿ ಜೋರಾದಾಗಲೂ ಮೈನಸ್ 12 ಡೆಸಿಬಲ್ ಹತ್ತಿರ ಇರಲಿ. 48 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ಉಳಿಸಿ. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ತೇಪೆ ಹಾಕಲು ಬೇಕಾಗುತ್ತದೆ.

ಅತಿಥಿ ಬೇರೆ ಊರಿನಲ್ಲಿದ್ದರೆ ವಿಡಿಯೊ ಕಾಲ್‌ನ ದನಿಯನ್ನೇ ರೆಕಾರ್ಡ್ ಮಾಡಬೇಡಿ. ಅದು ಹಿಂಡಿ ಕಳಿಸಿದ ದನಿ. ಇಬ್ಬರೂ ತಮ್ಮ ತಮ್ಮ ಕಡೆ ಬೇರೆಯಾಗಿ ರೆಕಾರ್ಡ್ ಮಾಡಿ, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದು, ಆಮೇಲೆ ಆ ಚಪ್ಪಾಳೆಯ ಜಾಗ ನೋಡಿ ಎರಡು ಫೈಲ್ ಕೂಡಿಸಿ. ಈ ಕೆಲಸ ತಾನೇ ಮಾಡುವ ವೆಬ್‌ಸೈಟ್‌ಗಳೂ ಇವೆ, ರಿವರ್‌ಸೈಡ್, ಝೆನ್‌ಕಾಸ್ಟರ್ ಥರದವು.

ದುಡ್ಡು ಹಾಳು ಮಾಡಬೇಡಿ ಅನ್ನೋದಕ್ಕೆ ಎರಡು ಮಾತು. ಗೋಡೆಗೆ ಅಂಟಿಸುವ ತೆಳು ಫೋಮ್ ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಪ್ರತಿಧ್ವನಿಯನ್ನು ಒಂದಿಷ್ಟು ಕಡಿಮೆ ಮಾಡುತ್ತದೆ ಅಷ್ಟೇ. ದಪ್ಪ ಹಾಸಿಗೆ, ಪುಸ್ತಕದ ಕಪಾಟು ಇರುವ ಕೋಣೆ ಅದಕ್ಕಿಂತ ವಾಸಿ. ಇನ್ನೊಂದು, ಬ್ಲೂಟೂತ್ ಇಯರ್‌ಫೋನಿನ ಮೈಕ್. ಹಾಡು ಕೇಳುವಾಗ ಚೆನ್ನಾಗಿರುತ್ತದೆ, ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ದನಿಯ ಗುಣಮಟ್ಟ ಕುಸಿಯುತ್ತದೆ. ಅತಿಥಿ ಅದನ್ನು ಹಾಕಿಕೊಂಡು ಬಂದರೆ ನಯವಾಗಿ ತೆಗೆಸಿ.

ಹೆಜ್ಜೆ 4: ಮಾತು

ಎಲ್ಲರೂ ಎಡವುವ ಜಾಗ ಇದು.

ಶುರುವಿಗೆ "ನಿಮ್ಮ ಬಗ್ಗೆ ಹೇಳಿ" ಎನ್ನಬೇಡಿ. ಅಮೆರಿಕದ ರೇಡಿಯೊ ನಿರೂಪಕಿ ಟೆರಿ ಗ್ರಾಸ್ ದಶಕಗಳಿಂದ ಸಂದರ್ಶನ ಮಾಡುತ್ತಿರುವವರು. ಮಾತು ಶುರು ಮಾಡಲು ಈ ಒಂದು ಪ್ರಶ್ನೆ ಸಾಕು ಅಂತ ಅವರು ಹೇಳಿದ್ದಾರೆ. ಅವರ ಕೈಯಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಉತ್ತರದಲ್ಲಿ ಸಿಕ್ಕ ಎಳೆ ಹಿಡಿದು ಅವರು ಮುಂದೆ ಹೋಗುತ್ತಾರೆ. ನಮ್ಮಲ್ಲಿ ಅನೇಕರಿಗೆ ಅದು ಹತ್ತು ನಿಮಿಷದ ಬಯೋಡೇಟಾ ಪಠಣವಾಗಿ ಮುಗಿಯುತ್ತದೆ. ಪರಿಚಯವನ್ನು ನೀವೇ ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಿ. ಆದರೆ ಟೆರಿ ಗ್ರಾಸ್ ಅವರ ಇನ್ನೊಂದು ಪದ್ಧತಿಯನ್ನು ಕಣ್ಣು ಮುಚ್ಚಿ ಅನುಸರಿಸಿ. ಪ್ರಶ್ನೆ ತೀರಾ ಖಾಸಗಿ ಅನ್ನಿಸಿದರೆ ಹೇಳಿ, ಬೇರೆಯದಕ್ಕೆ ಹೋಗೋಣ ಅಂತ ಅವರು ಮೊದಲೇ ಅತಿಥಿಗೆ ತಿಳಿಸುತ್ತಾರೆ. ಬೇಡ ಎನ್ನುವ ಹಕ್ಕು ಇದೆ ಅಂತ ಗೊತ್ತಾದವರು ಜಾಸ್ತಿ ಬಿಚ್ಚಿ ಮಾತಾಡುತ್ತಾರೆ.

ಮೊದಲ ಪ್ರಶ್ನೆ ಚಿಕ್ಕದಿರಲಿ, ಒಂದು ದಿನಕ್ಕೆ ಸೇರಿದ್ದಿರಲಿ. "ಮೊದಲ ಕೆಲಸದ ಮೊದಲ ದಿನ ನಿಮಗೆ ಏನು ಮಾಡಲು ಹೇಳಿದರು?" ಇದಕ್ಕೆ ಯಾರ ಬಳಿಯೂ ತಯಾರಾದ ಉತ್ತರ ಇರುವುದಿಲ್ಲ. ನೆನಪಿಗೆ ಕೈ ಹಾಕಲೇಬೇಕು.

ವೃತ್ತಿಯ ವಿಷಯಕ್ಕೆ ಬಂದಾಗ "ಯಾಕೆ" ಕಡಿಮೆ ಮಾಡಿ. "ಯಾಕೆ ಕೆಲಸ ಬಿಟ್ಟಿರಿ?" ಅಂದರೆ ತತ್ವಜ್ಞಾನ ಬರುತ್ತದೆ. "ಕೆಲಸ ಬಿಡ್ತೀನಿ ಅಂತ ಮೊದಲು ಯಾರಿಗೆ ಹೇಳಿದಿರಿ? ಅವರು ಏನಂದರು?" ಅಂತ ಕೇಳಿ. ಅಲ್ಲಿ ಒಬ್ಬ ಮನುಷ್ಯ ಬರುತ್ತಾರೆ, ಒಂದು ಮಾತು ಬರುತ್ತದೆ, ಕೆಲವೊಮ್ಮೆ ಜಗಳವೂ ಬರುತ್ತದೆ. ಅತಿಥಿ "ತುಂಬಾ ಕಷ್ಟಪಟ್ಟೆ" ಅಂದರೆ ತಲೆಯಾಡಿಸಿ ಮುಂದೆ ಹೋಗಬೇಡಿ. ಕಷ್ಟದ ಒಂದು ದಿನ ಕೇಳಿ. ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು, ರಾತ್ರಿ ಎಲ್ಲಿ ಮಲಗುತ್ತಿದ್ದರು ಕೇಳಿ.

ಕಲೆಯ ವಿಷಯದಲ್ಲಿ 'ಸ್ಫೂರ್ತಿ' ಎನ್ನುವ ಪದವನ್ನೇ ನಿಷೇಧಿಸಿ. ನಿಜವಾಗಿ ಹೇಳುತ್ತಿದ್ದೇನೆ, ಕಾಗದದಲ್ಲಿ ಬರೆದಿದ್ದರೆ ಹೊಡೆದು ಹಾಕಿ. ಒಟ್ಟು ಸಾಧನೆ ಬಿಟ್ಟು ಒಂದೇ ಒಂದು ಕೃತಿ ಹಿಡಿದುಕೊಳ್ಳಿ. ಒಂದು ಚಿತ್ರ, ಒಂದು ರಾಗ, ಒಂದು ಅಧ್ಯಾಯ. ಇದರಲ್ಲಿ ಏನನ್ನು ತೆಗೆದುಹಾಕಿದಿರಿ? ಯಾರು ಹೇಳಿದರು ಅಂತ ತೆಗೆದಿರಿ? ಇನ್ನು ಸಾಕು, ಮುಗಿಯಿತು ಅಂತ ಹೇಗೆ ಗೊತ್ತಾಯಿತು? ತೆಗೆದುಹಾಕಿದ್ದರ ಬಗ್ಗೆ ಕಲಾವಿದರು ಮಾತಾಡುವಷ್ಟು ಆಸೆಯಿಂದ ಉಳಿಸಿಕೊಂಡದ್ದರ ಬಗ್ಗೆ ಮಾತಾಡುವುದಿಲ್ಲ. ಹಳೆಯ ನೋಟ್‌ಬುಕ್ಕೋ ಕರಡು ಪ್ರತಿಯೋ ಇದ್ದರೆ ತರಲು ಹೇಳಿ, ಒಂದು ಪುಟ ಗಟ್ಟಿಯಾಗಿ ಓದಿಸಿ. ಕೈಯಲ್ಲಿ ಏನಾದರೂ ಇದ್ದರೆ ಮಾತು ತಾನಾಗಿ ಹರಿಯುತ್ತದೆ. ಬಿಬಿಸಿಯ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಕಾರ್ಯಕ್ರಮ 1942ರಲ್ಲಿ ಶುರುವಾದದ್ದು. ನಿರ್ಜನ ದ್ವೀಪಕ್ಕೆ ಒಯ್ಯುವ ಎಂಟು ಧ್ವನಿಮುದ್ರಿಕೆ ಆರಿಸಿ ಎನ್ನುವ ಒಂದೇ ನೆಪ. ಹಾಡಿನ ಮಾತು ಶುರುವಾದರೆ ಅತಿಥಿಯ ಅಪ್ಪ, ಅಮ್ಮ, ಹಳೆಯ ಪ್ರೀತಿ ಎಲ್ಲ ಹಿಂದೆಯೇ ಬರುತ್ತವೆ.

ವಿಚಿತ್ರ ಅನುಭವದ ಕಥೆಗಳು ಇನ್ನೂ ನಾಜೂಕು. "ಆ ದೆವ್ವದ ಕಥೆ ಹೇಳಿ, ತುಂಬಾ ಮಜವಾಗಿದೆ!" ಅಂದಿರೋ, ಕೆಟ್ಟಿತು. ಮಜವಾಗಿದೆ ಅಂತ ಮೊದಲೇ ಸಾರಿದ ಕಥೆ ಯಾವತ್ತೂ ಅಷ್ಟು ಮಜವಾಗಿರುವುದಿಲ್ಲ. ಕೊನೆ ಏನು ಅಂತ ನಿಮಗೆ ಗೊತ್ತಿದ್ದರೂ ಬಾಯಿ ಬಿಡಬೇಡಿ. ಕಥೆಯ ಬಾಗಿಲಲ್ಲಿ ಅವರನ್ನು ನಿಲ್ಲಿಸಿ, ಅಷ್ಟೇ. "ಆ ರಾತ್ರಿ ಆ ಹಳೆ ಕಟ್ಟಡದಲ್ಲಿ ನೀವು ಯಾಕಿದ್ದಿರಿ?" ಆಮೇಲೆ ಸುಮ್ಮನಿರಿ. ಕಥೆ ಮುಗಿದ ಕೂಡಲೇ "ನನಗೂ ಒಮ್ಮೆ ಹೀಗೇ ಆಗಿತ್ತು" ಅಂತ ಶುರು ಮಾಡುವ ನಿರೂಪಕರಿದ್ದಾರೆ. ಅವರಿಗೆ ನಾನು ಏನೂ ಹೇಳಲಾರೆ. ಬದಲಿಗೆ "ಅಲ್ಲಿ ಇನ್ಯಾರಿದ್ದರು? ಅವರೂ ಹೀಗೇ ಹೇಳುತ್ತಾರಾ?" ಅಂತ ಕೇಳಿ. ಕಥೆಯ ಎರಡನೇ ಮುಖ ಅಲ್ಲಿರುತ್ತದೆ, ಉತ್ಪ್ರೇಕ್ಷೆ ಇದ್ದರೆ ಅದೂ ಅಲ್ಲೇ ಕಾಣುತ್ತದೆ.

ಉರು ಹೊಡೆದ ಕಥೆಯನ್ನು ಗುರುತಿಸುವುದು ಸುಲಭ. ಮಾತಿನ ವೇಗ ಹೆಚ್ಚುತ್ತದೆ, ನಗು ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ತಡೆಯಬೇಡಿ, ಮುಗಿಸಲಿ. ಆಮೇಲೆ ಕಥೆ ನಿಂತ ಜಾಗದಿಂದ ಒಂದು ಹೆಜ್ಜೆ ಆಚೆಗಿನದನ್ನು ಕೇಳಿ. "ಅವತ್ತು ಮನೆಗೆ ಹೋಗಿ ಏನಂದಿರಿ?" ವೇಗ ಇಳಿಯುತ್ತದೆ. "ಅಯ್ಯೋ, ಅದನ್ನ ಯಾರೂ ಕೇಳೇ ಇಲ್ಲ" ಅಂದರೆ ನಿಮ್ಮ ಸಂಚಿಕೆ ಗೆದ್ದಿತು.

ಈಗ ಮೌನ. ಉತ್ತರ ಮುಗಿಯಿತು ಅನ್ನಿಸಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಬಾಯಿ ತೆರೆಯಿರಿ. ಹೇಳಿದಷ್ಟು ಸುಲಭ ಅಲ್ಲ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಅಷ್ಟು ಬೇಗ ಮಾತು ಕೈ ಬದಲಾಗುವ ಅಭ್ಯಾಸ ಇರುವ ನಮಗೆ ಮೂರು ಸೆಕೆಂಡ್ ಯುಗದಂತೆ ಅನ್ನಿಸುತ್ತದೆ. ಅತಿಥಿಗೂ ಅನ್ನಿಸುತ್ತದೆ, ಅದಕ್ಕೇ ಅದನ್ನು ತುಂಬಲು ಅವರು ಮಾತಾಡುತ್ತಾರೆ. ಹಾಗೆ ಬಂದ ಎರಡನೇ ಮಾತು ಮೊದಲನೆಯದಕ್ಕಿಂತ ನಿಜವಾಗಿರುತ್ತದೆ. ಅವರು ಏನೂ ಹೇಳದಿದ್ದರೂ ನಷ್ಟವಿಲ್ಲ, ಆ ಮೂರು ಸೆಕೆಂಡ್ ಕತ್ತರಿಸಬಹುದು.

ಇನ್ನೂ ಕೆಲವು ಇವೆ, ಚಿಕ್ಕವು. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಬೇಡಿ, ಅತಿಥಿ ಸುಲಭದ್ದಕ್ಕೆ ಮಾತ್ರ ಉತ್ತರಿಸಿ ಜಾರಿಕೊಳ್ಳುತ್ತಾರೆ. "ಹಾಂ, ಹಾಂ, ಕರೆಕ್ಟ್" ಅಂತ ಮಾತಿನ ಮೇಲೆ ಮಾತು ಹಾಕಬೇಡಿ, ತಲೆಯಾಡಿಸಿದರೆ ಸಾಕು. ಪ್ರತಿ ಉತ್ತರಕ್ಕೂ "ಅದ್ಭುತ" ಎನ್ನುವುದನ್ನು ದಯವಿಟ್ಟು ಬಿಡಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ. ಅವರ ವೃತ್ತಿಯ ಪದ ನಿಮಗೆ ಗೊತ್ತಿದ್ದರೂ ಕೇಳುಗರಿಗಾಗಿ ಬಿಡಿಸಿ ಹೇಳಿಸಿ.

"ಇಷ್ಟು ಸಾಕು, ಧನ್ಯವಾದ" ಅಂದ ಮೇಲೆ ರೆಕಾರ್ಡರ್ ಆಫ್ ಮಾಡಲು ಓಡಬೇಡಿ. ಮುಗಿಯಿತು ಅಂದ ಕೂಡಲೇ ಜನ ಸಡಿಲಾಗಿ, ಅವತ್ತಿನ ಅತಿ ಒಳ್ಳೆಯ ಮಾತು ಆಗ ಹೊರಬೀಳುವುದುಂಟು. ಆದರೆ "ಇದಿನ್ನೂ ಓಡ್ತಾ ಇದೆ" ಅಂತ ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದಂತೆ ರೆಕಾರ್ಡ್ ಮಾಡುವುದು ಮೋಸ. ಆ ಅತಿಥಿ ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ.

ಹೆಜ್ಜೆ 5: ಎಡಿಟಿಂಗ್

ಅಡಾಸಿಟಿ ಉಚಿತ ಸಾಫ್ಟ್‌ವೇರ್, ಅದೇ ಸಾಕು. ಮೊದಲು ಅತಿಥಿ ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿ, ಆಮೇಲೆ ನಿಮ್ಮ ಉದ್ದ ಪ್ರಶ್ನೆಗಳನ್ನು. ಮೌನವನ್ನೆಲ್ಲ ತಾನೇ ಅಳಿಸುವ ಬಟನ್ ಕೆಲವು ಆ್ಯಪ್‌ಗಳಲ್ಲಿದೆ, ಮುಟ್ಟಬೇಡಿ. ಅಪ್ಪನ ಸಾವಿನ ಬಗ್ಗೆ ಮಾತಾಡುವವರು ಉಸಿರು ತೆಗೆದುಕೊಳ್ಳದೆ ಓಡಿದಂತೆ ಕೇಳಿಸುತ್ತದೆ. ಸಂಚಿಕೆಯ ಶುರುವಿನಲ್ಲಿ ತುಣುಕು ಹಾಕುವುದಾದರೆ ಕಥೆಯ ಕೊನೆಯನ್ನು ಹಾಕಬೇಡಿ. ಉತ್ತರದ ಹಿಂದಿನ ಪ್ರಶ್ನೆ ಬದಲಿಸಿ ಅರ್ಥ ತಿರುಚುವುದಂತೂ ಬೇಡವೇ ಬೇಡ.

ಅತಿಥಿ ಯಾರದಾದರೂ ಹೆಸರು ಹಿಡಿದು ಆರೋಪ ಮಾಡಿದ್ದರೆ ಪರಿಶೀಲಿಸಿ, ಆಗದಿದ್ದರೆ ಆ ಭಾಗ ತೆಗೆಯಿರಿ. ಕಾನೂನಿನ ತೊಂದರೆ ನಿಮಗೂ ಬರಬಹುದು.

ಒಟ್ಟು ದನಿ ಎಷ್ಟು ಜೋರಾಗಿ ಕೇಳಿಸುತ್ತದೆ ಎನ್ನುವುದನ್ನು ಎಲ್‌ಯುಎಫ್‌ಎಸ್ (LUFS) ಎನ್ನುವ ಅಳತೆಯಲ್ಲಿ ನೋಡುತ್ತಾರೆ. ಸ್ಟೀರಿಯೊ (ಎಡ, ಬಲ ಎರಡು ಚಾನೆಲ್) ಆದರೆ ಅದನ್ನು ಮೈನಸ್ 16ಕ್ಕೆ, ಮೊನೊ (ಒಂದೇ ಚಾನೆಲ್) ಆದರೆ ಮೈನಸ್ 19ಕ್ಕೆ ತನ್ನಿ. ಇಬ್ಬರ ಮಾತಿಗೆ ಮೊನೊ ಸಾಕು, ಫೈಲೂ ಚಿಕ್ಕದಾಗುತ್ತದೆ.

ಹೆಜ್ಜೆ 6: ಬಿಡುಗಡೆ

ಪೂರ್ತಿ ಸಂಚಿಕೆಯನ್ನು ಒಪ್ಪಿಗೆಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ, ಸಾರಿಸಿ ಗುಡಿಸಿ ವಾಪಸ್ ಕೊಡುತ್ತಾರೆ. ಏನಾದರೂ ತೆಗೆಯಬೇಕಿದ್ದರೆ ಎರಡು ದಿನದೊಳಗೆ ಹೇಳಿ ಅಂತ ರೆಕಾರ್ಡಿಂಗ್ ದಿನವೇ ಮಾತಾಡಿಕೊಳ್ಳಿ. ಶೀರ್ಷಿಕೆಗೆ 'ಯಶಸ್ಸಿನ ಪಯಣ' ಬೇಡ, 'ಹಡಗಿನ ಅಡುಗೆಮನೆಯಲ್ಲಿ ಚಿತ್ರ ಕಲಿತವರು' ಅಂತಿರಲಿ. ಅಪ್‌ಲೋಡ್ ಮಾಡುವ ಮುಂಚೆ ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಪೂರ್ತಿ ಕೇಳಿ, ಅತಿಥಿಯ ಹೆಸರಿನ ಕಾಗುಣಿತ ಇನ್ನೊಮ್ಮೆ ನೋಡಿ.