ದುಬೈ ಮೈದಾನದಲ್ಲಿ ನೇರಪ್ರಸಾರದ ಕೆಲಸ: ಗಡಿನಾಡಿನಿಂದ ಹೊರಡುವ ಕೇಬಲ್ ಅಸಿಸ್ಟೆಂಟಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಯಕ್ಷಗಾನ, ಬ್ರಹ್ಮಕಲಶ, ರಾತ್ರಿ ಕಬಡ್ಡಿ ಇವನ್ನೆಲ್ಲ ಯೂಟ್ಯೂಬಿಗೆ ಲೈವ್ ಕೊಡುವ ಹುಡುಗರಿಗೆ ಕ್ಯಾಮೆರಾ ಹೊಸತಲ್ಲ, ನಿದ್ದೆಗೆಡುವುದೂ ಹೊಸತಲ್ಲ. ಗಲ್ಫಿನ ದೊಡ್ಡ ಕ್ರಿಕೆಟ್ ಪಂದ್ಯಾವಳಿಗೆ ಕೇಬಲ್ ಅಸಿಸ್ಟೆಂಟ್ ಆಗಿ ಕರೆ ಬಂದಾಗ ಅವರಿಗೆ ಹೊಸತಾಗುವುದು ಎರಡೇ: ಸಾಮಾನಿನ ಗಾತ್ರ ಮತ್ತು ಶಿಸ್ತು. ಊರಿನ ಲೈವಿನಲ್ಲಿ ಒಂದು ಕ್ಯಾಮೆರಾ ಕೈಕೊಟ್ಟರೆ ಭಾಗವತರ ಒಂದು ಪದ ಮುಗಿಯುವುದರೊಳಗೆ ಸರಿ ಮಾಡಿಕೊಳ್ಳಬಹುದು. ಅಂತಾರಾಷ್ಟ್ರೀಯ ಪಂದ್ಯದಲ್ಲಿ ಮೊದಲ ಎಸೆತದ ನಂತರ ಸರಿ ಮಾಡುವುದಕ್ಕೆ ಸಮಯ ಸಿಗುವುದೇ ಅಪರೂಪ. ಅಲ್ಲಿ ಪಂದ್ಯಕ್ಕೆ ಮುಂಚಿನ ಆರು ಗಂಟೆಗಳ ತಯಾರಿಯಲ್ಲಿ ಏನು ಮಾಡುತ್ತೀರಿ ಎನ್ನುವುದರ ಮೇಲೆ ನಿಮ್ಮನ್ನು ಮುಂದಿನ ಪಂದ್ಯಾವಳಿಗೆ ಕರೆಯುವುದೋ ಬೇಡವೋ ಎಂದು ತೀರ್ಮಾನವಾಗುತ್ತದೆ.

ಉದಾಹರಣೆಗೆ 2025ರ ಸೆಪ್ಟೆಂಬರ್ 9ರಿಂದ 28ರವರೆಗೆ ಯುಎಇಯಲ್ಲಿ ನಡೆದ ಏಷ್ಯಾ ಕಪ್ಪಿನಂಥ ಟಿ20 ಪಂದ್ಯಾವಳಿಯನ್ನೇ ಇಟ್ಟುಕೊಳ್ಳೋಣ. ಒಂದನ್ನು ಬಿಟ್ಟು ಉಳಿದ ಪಂದ್ಯಗಳೆಲ್ಲ ಅಲ್ಲಿನ ಸಂಜೆ 6.30ಕ್ಕೆ, ಅಂದರೆ ನಮ್ಮ ರಾತ್ರಿ 8ಕ್ಕೆ ಶುರುವಾದವು. ಕೆಳಗಿನ ವೇಳೆಗಳೆಲ್ಲ ಯುಎಇಯವು.

ಕಾಗದಪತ್ರ ಮತ್ತು ಪೆಟ್ಟಿಗೆ

ಮೊದಲು ವೀಸಾ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಯುಎಇಯಲ್ಲಿ ಅಪರಾಧ. "ಹತ್ತು ದಿನದ ಕೆಲಸ ತಾನೇ, ಯಾರು ಕೇಳುತ್ತಾರೆ" ಎನ್ನುವ ಏಜೆಂಟನನ್ನು ನಂಬಬೇಡಿ. ಅಕ್ರೆಡಿಟೇಶನ್ ಕಾರ್ಡು ನಿಮ್ಮನ್ನು ಮೈದಾನದ ಗೇಟು ದಾಟಿಸುತ್ತದೆ ಅಷ್ಟೇ, ವೀಸಾದ ಬದಲಿಗೆ ನಡೆಯುವುದಿಲ್ಲ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರಕಾರದ ಅನುಮತಿ ಬೇಕಾದದ್ದು. ಅವರು ಕೆಲಸದ ವೀಸಾದಲ್ಲಿ ಗಲ್ಫಿಗೆ ಹೋಗಬೇಕಾದರೆ ಸರಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಎಮಿಗ್ರೇಶನ್ ಕ್ಲಿಯರೆನ್ಸ್ ಮಾಡಿಸಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನೂ ತೆಗೆದುಕೊಳ್ಳಬೇಕು. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಅಪಘಾತ ವಿಮೆ 10 ಲಕ್ಷದ್ದು.

ಕರಾರಿನಲ್ಲಿ ನಾಲ್ಕು ವಿಷಯ ಬರಹದಲ್ಲಿರಲಿ: ದಿನದ ಸಂಬಳ ಎಷ್ಟು ಗಂಟೆಗೆ, ಆಮೇಲಿನ ಓವರ್‌ಟೈಮ್ ದರ ಏನು, ಪ್ರಯಾಣದ ದಿನಕ್ಕೆ ಸಂಬಳ ಉಂಟೋ, ಡಿ-ರಿಗ್ ಅಂದರೆ ಬಿಚ್ಚಿಕಟ್ಟುವ ಹೊತ್ತು ಲೆಕ್ಕಕ್ಕೆ ಬರುತ್ತದೋ. ಕೊನೆಯದನ್ನು ಕೇಳದೆ ಹೋದವರು ದಿನಕ್ಕೆ ಎರಡು ಮೂರು ಗಂಟೆ ಪುಕ್ಕಟೆ ದುಡಿಯುತ್ತಾರೆ.

ಪೆಟ್ಟಿಗೆಯಲ್ಲಿ ಏನಿರಬಾರದು ಎನ್ನುವುದನ್ನು ಮನೆಯಲ್ಲಿ ಅಮ್ಮನಿಗೂ ಹೇಳಿಬಿಡಿ. ಗಸಗಸೆ ಯುಎಇಯಲ್ಲಿ ನಿಷಿದ್ಧ. ಮಸಾಲೆ ಪೊಟ್ಟಣದೊಳಗೆ ಒಂದು ಚಿಟಿಕೆ ಇದ್ದರೂ ತಾಪತ್ರಯ. ವೀಳ್ಯದೆಲೆ, ಅಡಿಕೆ ಬೇಡ. ಕೊಬ್ಬರಿಯನ್ನು ವಿಮಾನದ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಅದು ಬೇಗ ಹೊತ್ತಿಕೊಳ್ಳುವ ವಸ್ತುವಿನ ಲೆಕ್ಕ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿಗೆ ಅಲ್ಲಿನ ಸರಕಾರದ ಮುಂಗಡ ಅನುಮತಿ ಬೇಕು.

ಲೀಥಿಯಂ ಬ್ಯಾಟರಿಗಳ ನಿಯಮ ಬಾಯಿಪಾಠ ಇರಲಿ. ಬಿಡಿ ಬ್ಯಾಟರಿ ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ಒಳಗಿನದಕ್ಕೆ ಪ್ರತ್ಯೇಕ ಅನುಮತಿ ಬೇಡ, 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು ಮತ್ತು ಎರಡೇ ಒಯ್ಯಬಹುದು, 160 ಮೀರಿದ್ದಕ್ಕೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವೇ ಇಲ್ಲ. ಕ್ಯಾಮೆರಾದ ಬೆನ್ನಿಗೆ ಕೂರಿಸುವ ವಿ-ಮೌಂಟ್ ಬ್ಯಾಟರಿಗಳು ಹೆಚ್ಚಾಗಿ 98 ವ್ಯಾಟ್-ಅವರ್ ಎಂದು ಬರುವುದು ಈ ಕಾರಣಕ್ಕೇ. ತುದಿಗಳಿಗೆ ಟೇಪು ಸುತ್ತಿ. ಸ್ವಂತ ಕ್ಯಾಮೆರಾ ಒಯ್ಯುವುದಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲವಾದರೆ ಮರಳಿ ಬರುವಾಗ ಅದು ಅಲ್ಲಿ ಕೊಂಡದ್ದಲ್ಲ ಎಂದು ರುಜುವಾತು ಮಾಡುವುದು ಕಷ್ಟ. ಕಂಪೆನಿಯ ಸಾಮಾನು, ಸುಂಕವಿಲ್ಲದೆ ಒಯ್ದು ಮರಳಿ ತರುವುದಕ್ಕಿರುವ ಎಟಿಎ ಕಾರ್ನೆ ಎಂಬ ಪುಸ್ತಕದ ಮೇಲೆ ಹೋಗುತ್ತದೆ, ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿ. ಪಟ್ಟಿಯಲ್ಲಿರುವ ಒಂದು ವಸ್ತು ಕಳೆದರೂ ಸುಂಕ ಕಟ್ಟಬೇಕಾಗುತ್ತದೆ, ಆದ್ದರಿಂದ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಮಾನು ಬದಲಾಯಿಸಬೇಡಿ.

ಸೇಫ್ಟಿ ಶೂ, ಹತ್ತಿಯ ಬಟ್ಟೆ, ಕೈಗವಸು, ತಲೆಗೆ ಕಟ್ಟುವ ಟಾರ್ಚು, ಎರಡು ಬೈರಾಸು ನಿಮ್ಮ ಸ್ವಂತದ್ದಿರಲಿ. ಅಲ್ಲಿನ ಪ್ಲಗ್ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್ನಿನದು. ವಿದ್ಯುತ್ತು ನಮ್ಮ ಹಾಗೆಯೇ 50 ಹರ್ಟ್ಸ್, ಆದ್ದರಿಂದ ಚಾರ್ಜರುಗಳಿಗೆ ತೊಂದರೆಯಿಲ್ಲ.

ಕೇಬಲ್ ಎಳೆಯುವ ದಿನ

ಊರಿನಲ್ಲಿ ಎಚ್‌ಡಿಎಂಐ ಕೇಬಲ್ ಹದಿನೈದು ಮೀಟರ್ ದಾಟಿದರೆ ಚಿಂತೆ, ಎಸ್‌ಡಿಐ ಕೇಬಲ್ ನೂರು ಮೀಟರಿಗೆ ಸುಸ್ತು. ಸ್ಟೇಡಿಯಮ್ಮಿನಲ್ಲಿ ಓಬಿ ವ್ಯಾನಿನಿಂದ, ಅಂದರೆ ಪ್ರಸಾರವನ್ನು ನಿಯಂತ್ರಿಸುವ ಗಾಡಿಯಿಂದ, ಕ್ಯಾಮೆರಾಕ್ಕೆ ಮುನ್ನೂರು ಮೀಟರ್ ಸಾಮಾನ್ಯ. ಅಲ್ಲಿ ಬಳಸುವುದು ಎಸ್‌ಎಂಪಿಟಿಇ ಹೈಬ್ರಿಡ್ ಫೈಬರ್. ಬೆರಳಿನಷ್ಟೂ ದಪ್ಪವಿಲ್ಲದ 9.2 ಮಿಲಿಮೀಟರ್ ಕೇಬಲಿನೊಳಗೆ ಕೂದಲಿನಂಥ ಎರಡು ಗಾಜಿನ ಎಳೆ, ಜೊತೆಗೆ ಕ್ಯಾಮೆರಾಕ್ಕೆ ಕರೆಂಟು ಒಯ್ಯುವ ತಾಮ್ರದ ತಂತಿಗಳು. ನೂರು ಮೀಟರ್ ಹತ್ತು ಕಿಲೋ ಮೀರಿ ತೂಗುತ್ತದೆ. ಎರಡೂ ತುದಿಗೆ ಲೆಮೊ ಕನೆಕ್ಟರ್.

ಈ ಕೇಬಲನ್ನು ತೆಂಗಿನ ನಾರಿನ ಹಗ್ಗದ ಹಾಗೆ ಮೊಣಕೈಗೆ ಸುತ್ತಿದಿರೋ, ಒಳಗೆ ತಿರುಚು ಸೇರುತ್ತದೆ, ಮುಂದೊಂದು ದಿನ ಗಾಜು ಬಿರಿಯುತ್ತದೆ. ಓವರ್-ಅಂಡರ್ ಕಲಿತೇ ಹೊರಡಿ: ಮೊದಲ ಸುತ್ತು ಮಾಮೂಲಿನಂತೆ, ಎರಡನೆಯದಕ್ಕೆ ಮಣಿಕಟ್ಟು ತಿರುಗಿಸಿ ಕೇಬಲಿನ ಬಾಲ ಸುತ್ತಿನ ಒಳಬದಿಗೆ ಬರುವಂತೆ, ಮೂರನೆಯದು ಮತ್ತೆ ಮಾಮೂಲು. ಒಂದರ ತಿರುಚನ್ನು ಮತ್ತೊಂದು ಕಳೆಯುತ್ತದೆ. ಮನೆಯಂಗಳದಲ್ಲಿ ಮೂವತ್ತು ಮೀಟರ್ ಬಿಎನ್‌ಸಿ ಕೇಬಲ್ ಸುತ್ತಿ, ಒಂದು ತುದಿ ಹಿಡಿದು ಉಳಿದದ್ದನ್ನು ಎಸೆಯಿರಿ. ಗಂಟಿಲ್ಲದೆ ನೇರ ಬಿಚ್ಚಿಕೊಂಡರೆ ಕೈ ಕೂತಿದೆ. ತುದಿ ಸುತ್ತಿನೊಳಗಿಂದ ತೂರಿ ಹೋಗಿದ್ದರೆ ಸಾಲಾಗಿ ಗಂಟು ಬೀಳುತ್ತದೆ, ಆದ್ದರಿಂದ ಸುತ್ತಿ ಮುಗಿದ ಕೂಡಲೇ ತುದಿಯನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿಬಿಡಿ. ದೊಡ್ಡ ಉದ್ದವನ್ನು ನೆಲದ ಮೇಲೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಾಕಿ.

ಎಳೆಯುವ ಕ್ರಮ: ಎಳೆಯುವ ಮೊದಲೇ ಎರಡೂ ತುದಿಗೆ ಕ್ಯಾಮೆರಾ ನಂಬರಿನ ಟೇಪು. ಡ್ರಮ್ಮಿನ ಹತ್ತಿರ ಒಬ್ಬ, ತಿರುವಿನಲ್ಲಿ ಒಬ್ಬ, ತುದಿ ಹಿಡಿದವ ಒಬ್ಬ. ಕನೆಕ್ಟರ್ ಹಿಡಿದು ಎಂದೂ ಎಳೆಯಬಾರದು, ಕೇಬಲಿನ ಮೈ ಹಿಡಿಯಿರಿ. ಬೌಂಡರಿಯ ಎಲ್‌ಇಡಿ ಬೋರ್ಡುಗಳ ಹಿಂದಿನಿಂದ ಹಾಯಿಸಿ; ಜನ ನಡೆಯುವಲ್ಲಿ ರಬ್ಬರ್ ರ‍್ಯಾಂಪಿನೊಳಗೆ, ಬಾಗಿಲಿದ್ದಲ್ಲಿ ಬಾಗಿಲಿನ ಮೇಲಿನಿಂದ. ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿದ ಕೇಬಲ್ ಅಂದು ನಡೆದೀತು, ಮರುದಿನ ಕೈಕೊಡುತ್ತದೆ. ಪ್ಲಾಸ್ಟಿಕ್ ಟೈ ಬಿಗಿದು ಕಟ್ಟುವುದು ಬೇಡ. ಕ್ಯಾಮೆರಾ ಹತ್ತಿರ ಹತ್ತು ಮೀಟರ್ ಹೆಚ್ಚುವರಿ ಉಳಿಸಿ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಯುಎಇ ನಿಷೇಧಿಸಿದೆ. ಕತಾರಿನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30. ಯೋಜನೆ ಈ ಲೆಕ್ಕದಲ್ಲೇ ಇರಬೇಕು: ಎಳೆಯುವ ಕೆಲಸ ಬೆಳಿಗ್ಗೆ 6ಕ್ಕೆ ಶುರು, ಮಧ್ಯಾಹ್ನ ನೆರಳಿನಲ್ಲಿ ಲೇಬಲ್ ಮತ್ತು ತಪಾಸಣೆ. ಬೆವರು ನಿಂತು ತಲೆ ಸುತ್ತಿದರೆ ಅದು ಸೆಕೆಯ ಹೊಡೆತ. ನಾಚಿಕೆ ಬಿಟ್ಟು ಹೇಳಿ. ಬರೀ ನೀರು ಸಾಲದು, ಓಆರ್‌ಎಸ್ ಪೊಟ್ಟಣ ಜೇಬಿನಲ್ಲಿರಲಿ.

ಪಂದ್ಯದ ದಿನ

6.30ರ ಪಂದ್ಯಕ್ಕೆ ಸುಮಾರು 12.30ಕ್ಕೆ ಹಾಜರಿ. ಮೊದಲ ಕೆಲಸ ಲೆನ್ಸುಗಳನ್ನು ಎಸಿ ಕೋಣೆಯಿಂದ ಹೊರಗೆ ತರುವುದು. ಇದಕ್ಕೇ ಇಷ್ಟು ಅವಸರ ಯಾಕೆಂದರೆ, ಎಸಿಯಲ್ಲಿ 20 ಡಿಗ್ರಿಗೆ ತಣಿದ ಗಾಜು ದುಬೈಯ ತೇವದ ಗಾಳಿಗೆ ಬಂದ ಕೂಡಲೇ ಬೆವರುತ್ತದೆ. ಹೊರಗಿನ ಗಾಜು ಒರೆಸಬಹುದು. ಒಳಗಿನ ಗಾಜಿನ ಮೇಲೆ ಮಂಜು ಕೂತರೆ ಒರೆಸುವುದಕ್ಕೆ ದಾರಿಯಿಲ್ಲ, ಅದು ಬಿಸಿಯಾಗುವ ತನಕ ಕಾಯಬೇಕು. ಕ್ಯಾಪು ಹಾಕಿದಂತೆಯೇ, ಪ್ಲಾಸ್ಟಿಕ್ ಚೀಲದೊಳಗಿಟ್ಟು ನೆರಳಿಗೆ ತನ್ನಿ. ಒಂದು ಗಂಟೆ ಚೀಲ ಬಿಚ್ಚಬೇಡಿ. ತೇವ ಚೀಲದ ಹೊರಮೈಗೆ ಕೂರುತ್ತದೆ, ಗಾಜು ನಿಧಾನಕ್ಕೆ ಬಿಸಿಯಾಗುತ್ತದೆ. ಮಂಜು ಕೂತ ಲೆನ್ಸನ್ನು ಬಿಸಿಲಿಗೆ ಹಿಡಿಯುವುದು ಕೆಟ್ಟ ಉಪಾಯ.

ಬೌಲರಿನ ಹಿಂದಿನ ಕ್ಯಾಮೆರಾದ ಪೆಟ್ಟಿಗೆಯಾಕಾರದ ದೊಡ್ಡ ಬಾಕ್ಸ್ ಲೆನ್ಸ್ 20 ಕಿಲೋಗಿಂತ ಭಾರ. ಟ್ರೈಪಾಡಿನ ಹೆಡ್ ಲಾಕ್ ಮಾಡಿ, ಲೆನ್ಸ್ ಅಡಾಪ್ಟರ್ ಕೂರಿಸಿ, ಇಬ್ಬರು ಸೇರಿ ಲೆನ್ಸ್, ಕೊನೆಗೆ ಕ್ಯಾಮೆರಾ. ಇಳಿಸುವಾಗ ಇದರ ತಿರುಗುಮುರುಗು. ಸಮತೋಲ ಆಗುವ ಮೊದಲು, ಮೇಲೆ ಕೆಳಗೆ ಬಾಗದಂತೆ ತಡೆಯುವ ಟಿಲ್ಟ್ ಲಾಕ್ ಬಿಡಿಸಿದರೆ ಮೂತಿ ದಡಕ್ಕನೆ ಕೆಳಗೆ ಬೀಳುತ್ತದೆ. ಆಗ ಬೆರಳು ಅದರ ಕೆಳಗಿರಬಾರದು.

ಸುಮಾರು 2.30ಕ್ಕೆ ಫ್ಯಾಕ್ಸ್ ಚೆಕ್, ಅಂದರೆ ಎಲ್ಲ ಸೌಲಭ್ಯಗಳ ತಪಾಸಣೆ. ವ್ಯಾನಿನಿಂದ ಒಂದೊಂದೇ ಕ್ಯಾಮೆರಾ ಕರೆಯುತ್ತಾರೆ. ಚಿತ್ರ, ಟಾಕ್‌ಬ್ಯಾಕ್ (ವ್ಯಾನಿನವರೊಂದಿಗೆ ಮಾತಾಡುವ ಸಾಧನ) ಎರಡೂ ದಿಕ್ಕು, ಕ್ಯಾಮೆರಾ ಪ್ರಸಾರದಲ್ಲಿದೆ ಎಂದು ತೋರಿಸುವ ಟ್ಯಾಲಿಯ ಕೆಂಪು ದೀಪ, ವ್ಯಾನಿನಿಂದ ಮರಳಿ ಬರುವ ರಿಟರ್ನ್ ವಿಡಿಯೊ, ಝೂಮ್, ಫೋಕಸ್, ಮೈಕ್ ಹೀಗೆ ಸಾಲಾಗಿ ನೋಡಬೇಕು. ಚಿತ್ರ ಬಂತೆಂದು ಉಳಿದದ್ದನ್ನು ಬಿಟ್ಟರೆ ಪಂದ್ಯದ ನಡುವೆ ಟ್ಯಾಲಿ ಇಲ್ಲದ ಕ್ಯಾಮೆರಾಮನ್ ಪ್ರಸಾರದಲ್ಲಿರುವಾಗಲೇ ಲೆನ್ಸ್ ಬೇರೆಡೆ ತಿರುಗಿಸುತ್ತಾನೆ. ಚೆಕ್ ಆದಮೇಲೆ ಕೇಬಲಿಗೆ ಕೈ ಹಚ್ಚಬೇಡಿ. ಹಚ್ಚಲೇಬೇಕಾದರೆ ಹೇಳಿ ಹಚ್ಚಿ, ಮತ್ತೆ ಚೆಕ್ ಮಾಡಿಸಿ. ಇದೊಂದನ್ನು ಪಾಲಿಸುವವನ ಮೇಲೆ ವ್ಯಾನಿನವರಿಗೆ ಭರವಸೆ ಬರುತ್ತದೆ.

ಚಿತ್ರ ಬಾರದಿದ್ದರೆ ಹತ್ತರಲ್ಲಿ ಎಂಟು ಸಲ ದೋಷ ಲೆಮೊ ಕನೆಕ್ಟರಿನ ಧೂಳು. ಮೈದಾನದ ಹೊಯಿಗೆಯ ಒಂದು ಕಣ ಸಾಕು, ಬೆಳಕು ದಾಟುವುದಿಲ್ಲ. ಮೊದಲು ವ್ಯಾನಿನಲ್ಲಿ ಚಿತ್ರ ನೋಡಿಕೊಳ್ಳುವ ವಿಶನ್ ಎಂಜಿನಿಯರಿಗೆ ಹೇಳಿ ಸಿಸಿಯುವಿನ, ಅಂದರೆ ಕ್ಯಾಮೆರಾ ನಿಯಂತ್ರಣ ಘಟಕದ, ಪವರ್ ತೆಗೆಸಿ. ಆ ತಾಮ್ರದಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ. ಬಿಚ್ಚಿದ ತುದಿಯನ್ನು ಕಣ್ಣಿಗೆ ನೇರ ಹಿಡಿಯಬೇಡಿ, ಅದರ ಬೆಳಕು ಇನ್‌ಫ್ರಾರೆಡ್, ಕಾಣದೆಯೇ ಹಾನಿ ಮಾಡಬಲ್ಲದು. ಲೆಮೊಗೆ ಹೊಂದುವ ಕ್ಲೀನರ್, ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಎಳೆ ಬಿಡದ ಕಡ್ಡಿಯಿಂದ ಒಂದೇ ದಿಕ್ಕಿಗೆ ತಿರುಗಿಸಿ, ಆಮೇಲೆ ಒಣ ಕಡ್ಡಿ. ಒಂದು ಕಡ್ಡಿ ಒಂದೇ ಸಲಕ್ಕೆ. ಬಾಯಿಯಿಂದ ಊದಿದರೆ ಎಂಜಲಿನ ತೇವ ಕೂರುತ್ತದೆ, ಅಂಗಿಯ ತುದಿಯಲ್ಲಿ ಒರೆಸಿದರೆ ಎಳೆ ಸೇರುತ್ತದೆ. ಎರಡೂ ಬದಿ, ಅಂದರೆ ಗಂಡು ಹೆಣ್ಣು ಎರಡನ್ನೂ ಶುಚಿ ಮಾಡಿ. ಆದರೂ ಬಾರದಿದ್ದರೆ ದಾರಿಯನ್ನು ಅರ್ಧ ಮಾಡಿ: ನಡುವಿನ ಜೋಡಣೆಯಲ್ಲಿ, ಸರಿಯಿದೆ ಎಂದು ಖಾತ್ರಿಯಿರುವ ಕ್ಯಾಮೆರಾವನ್ನು ಗಿಡ್ಡ ಕೇಬಲಿನಿಂದ ಸೇರಿಸಿ. ಚಿತ್ರ ಬಂದರೆ ದೋಷ ಮೈದಾನದ ಕಡೆ, ಇಲ್ಲವಾದರೆ ವ್ಯಾನಿನ ಕಡೆ. ಮುನ್ನೂರು ಮೀಟರ್ ನಡೆದು ತಡಕುವುದು ತಪ್ಪುತ್ತದೆ.

ಟಾಸ್ 6ಕ್ಕೆ. ಟಾಸಿಗೆ ಹೋಗುವ ವೈರ್‌ಲೆಸ್ ಕ್ಯಾಮೆರಾಕ್ಕೆ ಹೊಸ ಬ್ಯಾಟರಿ 5.50ರೊಳಗೆ ಕೂತಿರಲಿ. ಕ್ಯಾಮೆರಾ, ಟ್ರಾನ್ಸ್‌ಮಿಟರ್ ಸೇರಿ 55 ವ್ಯಾಟ್ ಎಳೆದರೆ 98 ವ್ಯಾಟ್-ಅವರ್ ಬ್ಯಾಟರಿ ಲೆಕ್ಕದಲ್ಲಿ ಒಂದೂಮುಕ್ಕಾಲು ಗಂಟೆ; ಹಳೆಯದಾದರೆ, ಸೆಕೆಯೂ ಸೇರಿದರೆ ಅಷ್ಟು ಬಾರದು. ಒಂದು ಗಂಟೆಗೊಮ್ಮೆ ಬದಲಿಸಿ, ಬಳಸಿದ್ದಕ್ಕೆ ಟೇಪು ಅಂಟಿಸಿ. ಇನ್ನಿಂಗ್ಸಿಗೆ 85 ನಿಮಿಷ, ನಡುವೆ 20 ನಿಮಿಷ ಬಿಡುವು. ಆ ಇಪ್ಪತ್ತು ನಿಮಿಷ ನಿಮ್ಮ ಊಟಕ್ಕಲ್ಲ. ಗಾಜು ಒರೆಸುವುದು, ಬ್ಯಾಕ್ ಫೋಕಸ್ (ಝೂಮ್ ಬದಲಿಸಿದರೂ ಫೋಕಸ್ ತಪ್ಪದಂತೆ ಮಾಡುವ ಹೊಂದಾಣಿಕೆ) ಮತ್ತೊಮ್ಮೆ ನೋಡುವುದಕ್ಕೆ ಕ್ಯಾಮೆರಾಮನ್‌ಗೆ ನೆರವಾಗುವುದು, ಜೋಡಣೆಗಳ ಮೇಲೆ ಯಾರಾದರೂ ತುಳಿದಿದ್ದಾರೋ ನೋಡುವುದು ಎಲ್ಲ ಆಗಲೇ. ಹ್ಯಾಂಡ್‌ಹೆಲ್ಡ್ ಕ್ಯಾಮೆರಾದ ಹಿಂದೆ ನಿಂತಾಗ ಒಂದು ಕೈ ಕೇಬಲಿನ ಮೇಲೆ, ಕಣ್ಣು ಚೆಂಡಿನ ಮೇಲೆ; ವ್ಯೂಫೈಂಡರಿನಲ್ಲಿ ಮುಳುಗಿದವನಿಗೆ ಬದಿಯಿಂದ ಬರುವ ಚೆಂಡು ಕಾಣುವುದಿಲ್ಲ.

ಫೋನು

ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಆದರೆ ಕೆಲಸ ಹೋಗುವುದು ಹೆಚ್ಚಾಗಿ ಇದರಿಂದಲೇ. ಊರಿನ ಮೊಬೈಲಿಗೆ ಬರುವ ಪ್ರಸಾರ ಮೈದಾನಕ್ಕಿಂತ ಹಲವು ಸೆಕೆಂಡು, ಕೆಲವು ಸಲ ಅರ್ಧ ನಿಮಿಷ ತಡ. ಬಾಜಿ ಕಟ್ಟುವವರಿಗೆ ಆ ಅಂತರವೇ ಬಂಡವಾಳ. "ಅಣ್ಣಾ, ಪಿಚ್ ಹೇಗುಂಟು? ಟಾಸ್ ಯಾರು ಗೆದ್ದದ್ದು?" ಎಂದು ಗೆಳೆಯ ಕೇಳುವುದು ಮುಗ್ಧವಾಗಿಯೇ ಇರಬಹುದು, ಅದು ಅವನಿಂದ ಯಾರಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಭ್ರಷ್ಟಾಚಾರ ನಿಗ್ರಹದ ಅಧಿಕಾರಿಗಳು ಮೈದಾನದಲ್ಲೇ ಇರುತ್ತಾರೆ. ಹಾಜರಿಯಿಂದ ಡಿ-ರಿಗ್‌ವರೆಗೆ ಆಟದ ಕುರಿತು ಒಂದು ಸಂದೇಶವೂ ಬೇಡ. ಆಟಗಾರರ ಫೋಟೊ, ಹಸ್ತಾಕ್ಷರ ಕೇಳಬೇಡಿ. ಕಾರ್ಡಿನ ಫೋಟೊ ಸ್ಟೇಟಸಿಗೆ ಹಾಕಬೇಡಿ, ಅದರ ಕೋಡನ್ನು ನಕಲು ಮಾಡಬಹುದು. ಒಬ್ಬರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದು ಯುಎಇ ಕಾನೂನಿನಲ್ಲಿ ಅಪರಾಧ.

ಮಾತಿನ ವಿಷಯದಲ್ಲಿ ಕಾಸರಗೋಡಿನವರಿಗೆ ಒಂದು ಅನುಕೂಲ ಉಂಟು. ಕನ್ನಡ, ತುಳು, ಮಲಯಾಳದ ಜೊತೆ ಹಿಂದಿಯೂ ಬಂದರೆ ಅಲ್ಲಿನ ರಿಗ್ಗರು, ಡ್ರೈವರು, ಸೆಕ್ಯೂರಿಟಿ ಎಲ್ಲರ ಹತ್ತಿರವೂ ಕೆಲಸ ಸಾಗುತ್ತದೆ. ಟಾಕ್‌ಬ್ಯಾಕಿನಲ್ಲಿ ಮಾತ್ರ ಇಂಗ್ಲಿಷ್, ಅದೂ ಗಿಡ್ಡ: "ಕ್ಯಾಮೆರಾ ತ್ರೀ, ನೋ ರಿಟರ್ನ್." ಕೇಳಿಸದಿದ್ದರೆ "ಸೇ ಅಗೇನ್" ಎನ್ನಿ, ಕೇಳಿಸಿದಂತೆ ನಟಿಸುವುದು ಅಪಾಯ.

ಡಿ-ರಿಗ್

ಪಂದ್ಯ ಮುಗಿದ ಮೇಲೆ ಬಹುಮಾನ ವಿತರಣೆ, ಅದರ ನಂತರದ ಚರ್ಚೆ. ನಿರ್ದೇಶಕರು ಟಾಕ್‌ಬ್ಯಾಕಿನಲ್ಲಿ ಬಿಡುಗಡೆ ಹೇಳುವ ತನಕ ಒಂದು ಕನೆಕ್ಟರೂ ಬಿಚ್ಚಬಾರದು. ಮರುದಿನವೂ ಅಲ್ಲೇ ಪಂದ್ಯವಿದ್ದರೆ ಕೇಬಲ್ ಬಿಟ್ಟು ಕ್ಯಾಮೆರಾ, ಲೆನ್ಸ್ ಮಾತ್ರ ಇಳಿಸಿ, ತುದಿಗಳಿಗೆ ಕ್ಯಾಪು ಹಾಕಿ ನೆಲದಿಂದ ಮೇಲೆ ಕಟ್ಟಿ. ಅಬುಧಾಬಿಗೆ ಹೋಗುವುದಾದರೆ ಎಲ್ಲವನ್ನೂ ಸುತ್ತಬೇಕು, ಮೇಲೆ ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. ಸುತ್ತುವಾಗ ಒದ್ದೆ ಬಟ್ಟೆಯೊಳಗಿಂದ ಕೇಬಲ್ ಹಾಯಿಸಿದರೆ ಹೊಯಿಗೆ ಡ್ರಮ್ಮಿಗೆ ಸೇರುವುದಿಲ್ಲ. ಕೆಟ್ಟ ಕೇಬಲಿಗೆ ಕೆಂಪು ಟೇಪು ಹಚ್ಚಿ, ಏನು ಕೆಟ್ಟಿದೆ ಎಂದು ಅದರ ಮೇಲೆ ಬರೆಯಿರಿ: "ಚಿತ್ರ ಬಂದು ಹೋಗುತ್ತದೆ, ಕ್ಯಾಮೆರಾ ತುದಿ" ಎನ್ನುವಷ್ಟು ಸ್ಪಷ್ಟವಾಗಿ, ಅಲ್ಲಿನವರು ಓದುವ ಭಾಷೆಯಲ್ಲಿ. ಸುಮ್ಮನೆ ಪೆಟ್ಟಿಗೆಗೆ ಹಾಕಿದ ಕೆಟ್ಟ ಕೇಬಲ್ ನಾಳೆ ಬೇರೆ ಯಾರದೋ ಕೈಗೆ ಹೋಗುತ್ತದೆ. ಕ್ಯಾಪುಗಳನ್ನು ಎಣಿಸಿ. ಟೈಮ್‌ಶೀಟಿಗೆ ಸಹಿ ಅಂದೇ ಹಾಕಿಸಿ, ಅದರ ಫೋಟೊ ತೆಗೆದಿಟ್ಟುಕೊಂಡು ಬಸ್ಸು ಹತ್ತಿ.