ಹಳೇ ಜೀನ್ಸ್‌ಗೆ ಬಣ್ಣ ಬಳಿಯಬೇಕಾ? ಮೊದಲು ಬಿಳಿ ಹಚ್ಚಿ

ಜೀನ್ಸ್ ಹಳೆಯದಾದರೆ ಮಂಡಿ ಹತ್ತಿರ ಬಿಳಚಿಕೊಳ್ಳುತ್ತದೆ, ಅಲ್ವಾ? ಆದರೆ ಬಟ್ಟೆ ಇನ್ನೂ ಗಟ್ಟಿಯಾಗೇ ಇರುತ್ತದೆ. ಇಂಥದ್ದನ್ನು ಸುಮ್ನೆ ಎಸೆಯಬೇಡಿ. ಫ್ಯಾಬ್ರಿಕ್ ಪೇಂಟಿನ ನಾಲ್ಕೈದು ಡಬ್ಬಿ, ಎರಡು ಬ್ರಷ್ ಇದ್ದರೆ ಇನ್ನೂ ಕೆಲವು ವರ್ಷ ಖುಷಿಯಿಂದ ಹಾಕಿಕೊಳ್ಳಬಹುದು.

ಜೀನ್ಸ್ ಹೊಲಿಯುವ ಡೆನಿಮ್ ಬಟ್ಟೆಯಲ್ಲಿ ಉದ್ದದ ನೂಲು ನೀಲಿ, ಅಡ್ಡದ ನೂಲು ಬಿಳಿ. ಆ ಇಂಡಿಗೋ ನೀಲಿಯೂ ನೂಲಿನ ಹೊರಮೈಗೆ ಮಾತ್ರ ಅಂಟಿಕೊಂಡಿರುತ್ತದೆ, ಒಳಗಿನ ತನಕ ಇಳಿದಿರುವುದಿಲ್ಲ. ಹಾಗಾಗಿಯೇ ಉಜ್ಜಿದ ಕಡೆ ಬಿಳಿ ಕಾಣುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನ ಕೆಲಸ ಸುಲಭ.

ಮೊದಲು ಚೆನ್ನಾಗಿ ಒಗೆಯಿರಿ. ಕೊನೆಯ ನೀರಿಗೆ ಕಂಡಿಷನರ್ ಹಾಕಬೇಡಿ, ಹಾಕಿದರೆ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ. ಎಣ್ಣೆ ಕಲೆ ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಉಜ್ಜಿ ತೆಗೆಯಿರಿ. ಪೂರ್ತಿ ಒಣಗಿಸಿ ಇಸ್ತ್ರಿ ಮಾಡಿ. ಆಮೇಲೆ ಜಾಗ ನೋಡಿ. ಮಂಡಿ ಮೇಲೆ ಬೇಡ, ಕೂತು ಎದ್ದು ಮಾಡುವಾಗ ಮಡಿಕೆ ಬಿದ್ದು ಪೇಂಟ್ ಬಿರಿಯುತ್ತದೆ. ಜಾಕೆಟ್ಟಿನ ಬೆನ್ನು, ಹಿಂದಿನ ಜೇಬು, ಪ್ಯಾಂಟಿನ ಕಾಲಿನ ತುದಿ ಒಳ್ಳೆಯ ಜಾಗಗಳು.

ಚಿತ್ರಕ್ಕೆ ದೂರ ಹೋಗಬೇಕಿಲ್ಲ. ಬಾಗಿಲ ಮುಂದೆ ಹಾಕುವ ಚುಕ್ಕಿ ರಂಗೋಲಿಯೇ ಸಾಕು. ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ, ದುಂಡಗಿನ ಆಕಾರಕ್ಕೆ ಬಳೆ ಇಟ್ಟುಕೊಳ್ಳಿ. ಜೇಬಿನ ಮೇಲೆ ಬಿಡಿಸುವುದಾದರೆ ಜೇಬಿನೊಳಗೆ ಒಂದು ರಟ್ಟು ತೂರಿಸಿ, ಜಾಕೆಟ್ಟಾದರೆ ಬೆನ್ನಿನ ಅಡಿಗೆ ಇಡಿ. ಇಲ್ಲದಿದ್ದರೆ ಪೇಂಟ್ ಆಚೆ ಬದಿಗೂ ಇಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಹಂತ. ನೀಲಿ ಬಟ್ಟೆಗೆ ನೇರವಾಗಿ ಹಳದಿ ಬಳಿದರೆ ಅದು ಹಳದಿಯಾಗಿ ಕಾಣುವುದಿಲ್ಲ, ಮಂಕು ಹಸಿರಾಗುತ್ತದೆ. ಕೆಂಪು ಕಂದಿದಂತೆ ಕಾಣುತ್ತದೆ. ಅದಕ್ಕೇ ಬಣ್ಣ ಬರುವ ಜಾಗಕ್ಕೆಲ್ಲ ಮೊದಲು ಬಿಳಿ ಫ್ಯಾಬ್ರಿಕ್ ಪೇಂಟ್ ಹಚ್ಚಬೇಕು. ಡೆನಿಮ್ ಮೇಲೆ ಓರೆ ಗೆರೆಗಳು ಕಾಣುತ್ತವಲ್ಲ, ಆ ಸಂದುಗಳೊಳಗೆ ಪೇಂಟ್ ಇಳಿಯಬೇಕಾದರೆ ಮೃದು ಬ್ರಷ್ ಸಾಲದು, ಗಿಡ್ಡ ಗಟ್ಟಿ ಕೂದಲಿನ ಬ್ರಷ್ ತೆಗೆದುಕೊಂಡು ಒಂದು ಸಲ ಗೆರೆಯುದ್ದಕ್ಕೆ, ಇನ್ನೊಂದು ಸಲ ಗೆರೆಗೆ ಅಡ್ಡವಾಗಿ ಒತ್ತಿ ಬಳಿಯಿರಿ. ತೆಳುವಾಗಿ ಹಚ್ಚಿ, ಒಣಗಲಿ, ಮತ್ತೆ ತೆಳುವಾಗಿ ಹಚ್ಚಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಆಮೇಲೆ ಪದರ ಏಳುತ್ತದೆ. ಪ್ಯಾಂಟಿನ ತುದಿಯನ್ನು ಹೊರಗೆ ಮಡಚಿ ಬಳಿಯುವವರಿಗೆ ಇಲ್ಲಿ ಅರ್ಧ ಕೆಲಸ ಕಡಿಮೆಯಾಗುತ್ತದೆ, ಒಳಮೈ ಹೇಗೂ ಬಿಳಿಚಾಗಿರುತ್ತದೆ.

ಬಿಳಿ ಒಣಗಿದ ಮೇಲೆ ನಿಮ್ಮಿಷ್ಟದ ಬಣ್ಣ. ಪೇಂಟಿಗೆ ನೀರು ಜಾಸ್ತಿ ಬೆರೆಸಬೇಡಿ, ಅಂಚು ಹರಡುತ್ತದೆ. ಚುಕ್ಕಿಗಳಿಗೆ ತುದಿಗೆ ಹತ್ತಿ ಸುತ್ತಿದ ಇಯರ್‌ಬಡ್ ಕಡ್ಡಿ ಬ್ರಷ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಇಡೀ ದಿನ ಒಣಗಲು ಬಿಡಿ. ನಂತರ ಬಟ್ಟೆಯನ್ನು ಉಲ್ಟಾ ಮಾಡಿ, ಹತ್ತಿಗೆ ಇಡುವ ಬಿಸಿಯಲ್ಲಿ, ಹಬೆ ಇಲ್ಲದೆ ಇಸ್ತ್ರಿ ಮಾಡಿ. ಆ ಬಿಸಿಗೆ ಪೇಂಟ್ ಗಟ್ಟಿಯಾಗಿ ಕೂರುತ್ತದೆ. ಮೂರು ದಿನ ನೀರಿಗೆ ಹಾಕಬೇಡಿ. ಡಬ್ಬಿಯ ಮೇಲೆ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ಕೆಲವರು ಬಿಳಿ ಪೇಂಟಿನ ಬದಲು ಬ್ಲೀಚ್ ಹಾಕಿ ನೀಲಿ ತೆಗೆಯುತ್ತಾರೆ. ಅದೂ ಆಗುತ್ತದೆ, ಆದರೆ ಎಳೆದರೆ ಹಿಗ್ಗುವ ಸ್ಟ್ರೆಚ್ ಜೀನ್ಸ್‌ಗೆ ಖಂಡಿತ ಬೇಡ, ಅದರ ಎಲಾಸ್ಟಿಕ್ ಎಳೆಯನ್ನು ಬ್ಲೀಚ್ ತಿಂದುಹಾಕುತ್ತದೆ. ಕೈಗವಸು ಹಾಕಿಕೊಂಡು ಗಾಳಿಯಾಡುವ ಕಡೆಯೇ ಮಾಡಿ. ಬ್ಲೀಚ್ ಜೊತೆ ವಿನೆಗರ್ ಆಗಲಿ ಟಾಯ್ಲೆಟ್ ಆ್ಯಸಿಡ್ ಆಗಲಿ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನಷ್ಟು ಮೆರುಗು ಬೇಕೆಂದರೆ ಪುಟ್ಟ ಕನ್ನಡಿ ಕೂರಿಸಿದ ಲಂಬಾಣಿ ಕಸೂತಿಯ ಒಂದು ತುಂಡು ಸೇರಿಸಿ. ಬಳ್ಳಾರಿ ಜೀನ್ಸ್‌ಗೆ ಹೆಸರುವಾಸಿ, ಅದೇ ಜಿಲ್ಲೆಯ ಸಂಡೂರು ಲಂಬಾಣಿ ಕಸೂತಿಗೆ. ಒಂದೇ ಜಿಲ್ಲೆಯ ಈ ಎರಡು ಕಸುಬು ಒಂದೇ ಜಾಕೆಟ್ಟಿನ ಮೇಲೆ ಸೇರಿದರೆ ನನಗಂತೂ ಬಹಳ ಸಂತೋಷ. ಇಸ್ತ್ರಿ ಕೆಲಸವೆಲ್ಲ ಮುಗಿದ ಮೇಲೆಯೇ ಅದನ್ನು ಹೊಲಿಯಿರಿ. ಸೂಜಿ ದಪ್ಪದ್ದಿರಲಿ. ಜೇಬಿನ ಮೇಲಾದರೆ ಮೇಲಿನ ಪದರಕ್ಕೆ ಮಾತ್ರ ಹೊಲಿಗೆ ಹಾಕಿ, ಇಲ್ಲದಿದ್ದರೆ ಜೇಬೇ ಮುಚ್ಚಿಹೋಗುತ್ತದೆ. ಕನ್ನಡಿ ಇರುವ ಬಟ್ಟೆಯನ್ನು ಮಷೀನಿಗೆ ಹಾಕದೆ, ಉಲ್ಟಾ ಮಾಡಿ ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ.